ಪುಣೆಯ ಶಾಲಾಮಕ್ಕಳೂ ನಿಸರ್ಗದ ಪಾಠವೂ

ದೀಪಾವಳಿಯ ರಜೆ ಮುಗಿದು ಚಳಿ ಬಿತ್ತೆಂದರೆ ಪುಣೆಯ ಶಾಲೆಗಳಲ್ಲಿ 'ಸಹಲ್'ಗಳ ಕಾಲ ಪ್ರಾರಂಭವಾಗುತ್ತದೆ. ಮರಾಠಿಯ ಈ ಶಬ್ದ ನಮ್ಮ ಮನೆಗಳ ಕನ್ನಡದಲ್ಲಿ ಎಂದೋ ಸೇರಿಹೋಗಿದೆ. ಪ್ರವಾಸವೆಂದರೆ ದೊಡ್ಡವರದು, ಸಹಲ್ ಎಂದರೆ ಮಕ್ಕಳದು. ಡಬ್ಬಿಯಲ್ಲಿ ಚಪಾತಿ ಮತ್ತು ಬಟಾಟೆ ಪಲ್ಲೆ, ಹೆಗಲಿಗೆ ನೀರಿನ ಬಾಟಲಿ, ಬಾಯಿಯವರ ಕೈಯಲ್ಲಿ ಹಾಜರಿಯ ಕಾಗದ. ಸಂಜೆ ಮರಳಿ ಬಂದ ಮೇಲೆ ವಹಿಯಲ್ಲಿ ಹತ್ತು ಸಾಲಿನ ನಿಬಂಧ. ಅದರಲ್ಲಿ ಎಂಟು ಸಾಲು ಬಸ್ಸಿನ ಹಾಡುಗಳ ಬಗ್ಗೆ, ಎರಡು ಸಾಲು ಕಂಡ ಪ್ರಾಣಿಯ ಬಗ್ಗೆ! ನಗುವ ಮಾತಲ್ಲ. ಮಕ್ಕಳನ್ನು ನಿಸರ್ಗದ ಹತ್ತಿರ ಒಯ್ಯುವ ಈ ಪದ್ಧತಿಗೆ ನಮ್ಮ ಊರಿನಲ್ಲಿ ಒಂದು ಉದ್ದನೆಯ ಇತಿಹಾಸವಿದೆ. ಅದರ ಒಂದೆರಡು ಎಳೆಗಳು ಕನ್ನಡ ನಾಡಿಗೂ ಹಬ್ಬಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಪ್ರಾಣಿಗಳನ್ನು ನೋಡಲು ಹೋಗುವುದು ಪುಣೆಗೆ ಹೊಸದೇನೂ ಅಲ್ಲ. ಸವಾಯಿ ಮಾಧವರಾವ ಪೇಶವೆಯವರ ಕಾಲದಲ್ಲಿ ಪರ್ವತಿ ಗುಡ್ಡದ ಬುಡದಲ್ಲಿ ಒಂದು ಪ್ರಾಣಿಸಂಗ್ರಹವಿತ್ತು. ಸಿಂಹವಿತ್ತು, ಘೇಂಡಾಮೃಗವಿತ್ತು. 1790ರಲ್ಲಿ ಗಂಗಾರಾಮ ತಾಂಬಟನೆಂಬ ಪುಣೆಯ ಕಲಾವಿದ ಆ ಘೇಂಡಾಮೃಗದ ಚಿತ್ರ ಬರೆದ. ಆ ಚಿತ್ರ ಈಗ ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿದೆ. ಪ್ರಾಣಿ ಎಲ್ಲಿಂದ ಬಂತು, ಅಲ್ಲಿ ಏನು ತಿನ್ನುತ್ತಿತ್ತು, ಯಾವ ಹುಲ್ಲಿನಲ್ಲಿ ಅಡಗುತ್ತಿತ್ತು ಎಂದು ಕೇಳುವ ಕಾಲ ಅದಾಗಿರಲಿಲ್ಲ. ಅರಸನ ವೈಭವದ ಒಂದು ಅಂಗವಾಗಿ ಅದು ಅಲ್ಲಿ ನಿಂತಿತ್ತು, ಅಷ್ಟೆ.

ಅದೇ ಪರ್ವತಿಯ ಕೆಳಗೆ, ಸಾರಸಬಾಗಿನ ಪಕ್ಕದಲ್ಲಿ, 1953ರಲ್ಲಿ ಪುಣೆ ಮಹಾನಗರಪಾಲಿಕೆ ಪೇಶವೆ ಉದ್ಯಾನವನ್ನು ತೆರೆಯಿತು. 1956ರಲ್ಲಿ ಅಲ್ಲಿ 'ಫುಲರಾಣಿ' ಎಂಬ ಚಿಕ್ಕ ರೈಲು ಓಡತೊಡಗಿತು. ಮುಂದಿನ ನಾಲ್ಕೈದು ದಶಕಗಳಲ್ಲಿ ಪುಣೆಯಲ್ಲಿ ಬೆಳೆದ ಮಗುವಿಗೆ ಸಹಲ್ ಎಂದರೆ ಮೊದಲು ನೆನಪಾಗುತ್ತಿದ್ದುದು ಇದೇ. ಹುಲಿಯ ಪಿಂಜರದ ಮುಂದೆ ಎರಡು ನಿಮಿಷ, ಮಂಗಗಳ ಮುಂದೆ ಹತ್ತು ನಿಮಿಷ, ಫುಲರಾಣಿಯ ಸಾಲಿನಲ್ಲಿ ಒಂದು ಗಂಟೆ. ಪ್ರಾಣಿಗಳಿಗೆ ಅಲ್ಲಿ ಜಾಗ ಸಾಲದೆಂಬುದು ಕ್ರಮೇಣ ಎಲ್ಲರಿಗೂ ಮನವರಿಕೆಯಾಯಿತು. 1986ರಲ್ಲಿ ಕಾತ್ರಜದಲ್ಲಿ ನೀಲಿಮಕುಮಾರ ಖೈರೆಯವರ ಮುತುವರ್ಜಿಯಿಂದ ಸರ್ಪೋದ್ಯಾನ ಪ್ರಾರಂಭವಾಗಿತ್ತು. 1999ರಲ್ಲಿ ಅದೇ ಆವರಣದಲ್ಲಿ, ಕೆರೆಯ ದಂಡೆಗೆ, ಸುಮಾರು 130 ಎಕರೆಯ ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯ ತೆರೆಯಿತು. ಪೇಶವೆ ಉದ್ಯಾನದ ಪ್ರಾಣಿಗಳು ಅಲ್ಲಿಗೆ ವಲಸೆ ಹೋದವು. ಸರಳುಗಳ ಬದಲು ಕಂದಕ, ಸಿಮೆಂಟಿನ ಬದಲು ಮಣ್ಣು ಮತ್ತು ಗಿಡ ಬಂದವು. ಮಕ್ಕಳು ನೋಡಲು ಹೋದಾಗ ಹುಲಿ ಪೊದೆಯೊಳಗೆ ಮಲಗಿ ಕಾಣದಿರುವುದೂ ಆಗ ಮೊದಲಾಯಿತು. ದುಡ್ಡು ಕೊಟ್ಟೂ ಹುಲಿ ಕಾಣಲಿಲ್ಲವೆಂದು ಪಾಲಕರು ಗೊಣಗುತ್ತಾರೆ. ನನಗಂತೂ ಕಾಣದ ಆ ಹುಲಿಯೇ ಹೆಚ್ಚು ಕಲಿಸುತ್ತದೆಂದು ತೋರುತ್ತದೆ.

ಇದು ಪಿಂಜರದ ಕಥೆ. ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆ ಹರಿದು ಬಂದಿದೆ. ಅದು ಗಿಡಗಂಟಿಗಳ ಧಾರೆ, ಕಾಲ್ನಡಿಗೆಯ ಧಾರೆ. ಗಣೇಶಖಿಂಡದಲ್ಲಿ 1873ರಲ್ಲಿ ಸಸ್ಯೋದ್ಯಾನ ಸ್ಥಾಪನೆಯಾಯಿತು. ಅದರ ಮೇಲ್ವಿಚಾರಕರಾಗಿದ್ದ ಜಿ. ಮಾರ್ಷಲ್ ವುಡ್ರೋ ಎಂಬವರು ಪುಣೆಯ ಕಾಲೇಜ್ ಆಫ್ ಸಾಯನ್ಸಿನಲ್ಲಿ ಸಸ್ಯಶಾಸ್ತ್ರವನ್ನೂ ಕಲಿಸುತ್ತಿದ್ದರು. ಪಾಠ ಹೇಳುವವನ ಕೈಯಲ್ಲಿಯೇ ತೋಟವೂ ಇರುವ ಇಂಥ ಯೋಗ ಅಪರೂಪ. ಆ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಥಿಯೊಡೋರ್ ಕುಕ್ ಅವರು 1901ರಿಂದ 1908ರ ವರೆಗೆ ಮುಂಬಯಿ ಪ್ರಾಂತದ ಸಸ್ಯಸಂಪತ್ತಿನ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. ಮುಂಬಯಿ ಪ್ರಾಂತವೆಂದರೆ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಬಂದವು. ಉತ್ತರ ಕನ್ನಡದ ದಟ್ಟ ಕಾಡಿನ ಮರಗಳಿಗೆ ಪುಣೆಯ ಈ ಗ್ರಂಥದಲ್ಲಿ ಸ್ಥಾನ ದೊರೆಯಿತು. ಇಂದಿಗೂ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಗಿಡ ಗುರುತಿಸಲು ಅದನ್ನೇ ತೆರೆಯುತ್ತಾರೆ. ಗಣೇಶಖಿಂಡದ ತೋಟವನ್ನು 2020ರಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಲಾಗಿದೆ.

ಆದರೆ ಇದೆಲ್ಲ ಕಾಲೇಜಿನ ಮಾತಾಯಿತು. ಶಾಲೆಯ ಮಕ್ಕಳ ಗತಿ ಏನು? ಆಗ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರ ಕಚೇರಿ ಪುಣೆಯಲ್ಲಿತ್ತು. ಧಾರವಾಡದ ಕನ್ನಡ ಶಾಲೆಯ ಹುಡುಗ ಏನು ಓದಬೇಕೆಂಬುದಕ್ಕೆ ಕೊನೆಯ ಮುದ್ರೆ ಬೀಳುತ್ತಿದ್ದುದು ಇಲ್ಲಿಯೇ. ವೇಳಾಪತ್ರಿಕೆಯಲ್ಲಿ ವಸ್ತುಪಾಠವೆಂಬುದೊಂದು ಇತ್ತು. ಎಲೆ, ಕಾಯಿ, ಬೀಜಗಳನ್ನು ಮೇಜಿನ ಮೇಲಿಟ್ಟು ಪ್ರಶ್ನೆ ಕೇಳುವ ಪದ್ಧತಿ. ಉದ್ದೇಶ ಒಳ್ಳೆಯದೇ. ಆದರೆ ಮೇಜಿನ ಮೇಲಿನ ಎಲೆಗೂ ಗಿಡದ ಮೇಲಿನ ಎಲೆಗೂ ಇರುವ ಅಂತರ ದೊಡ್ಡದು. ಗಿಡದ ಮೇಲಿನ ಎಲೆಯಲ್ಲಿ ಹುಳವಿರುತ್ತದೆ, ಹುಳವನ್ನು ಹುಡುಕಿ ಬಂದ ಹಕ್ಕಿ ಇರುತ್ತದೆ.

ಈ ಕೊರತೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ಸಂಸ್ಥೆಗಳಲ್ಲಿ 1883ರಲ್ಲಿ ಸ್ಥಾಪನೆಯಾದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಒಂದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅದು ಪ್ರಾಂತ ಸರಕಾರದ ನೆರವಿನಿಂದ ಶಾಲಾಮಕ್ಕಳಿಗಾಗಿ ನಿಸರ್ಗ ಶಿಕ್ಷಣದ ಯೋಜನೆಯನ್ನು ಹಮ್ಮಿಕೊಂಡಿತು. ಕನ್ನಡದಲ್ಲಿ ಅದಕ್ಕಿಂತ ಮೊದಲೇ, 1936ರಲ್ಲಿ, ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಮಕ್ಕಳ ಕೈಗಿತ್ತಿದ್ದರು. ಸರಕಾರದ ನೆರವೂ ಇಲ್ಲದೆ, ಸಮಿತಿಯೂ ಇಲ್ಲದೆ ಒಬ್ಬ ಮನುಷ್ಯ ಮಾಡಿದ ಕೆಲಸವದು. ಪುಣೆಯಲ್ಲಿ ಕುಳಿತು ಈ ಮಾತು ಹೇಳುವಾಗ ಸ್ವಲ್ಪ ಅಭಿಮಾನ ಬಂದರೆ ಓದುಗರು ಕ್ಷಮಿಸಬೇಕು.

ಇಷ್ಟರಲ್ಲಿ ಯಾವ ಯೋಜನೆಗೂ ಕಾಯದೆ ಪುಣೆಯ ಗುಡ್ಡಗಳಲ್ಲಿ ಪಾಠ ನಡೆದೇ ಇತ್ತು. ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳರ ಮಗ ಮಾಧವ 1942ರಲ್ಲಿ ಪುಣೆಯಲ್ಲಿ ಹುಟ್ಟಿದವರು. ಹಕ್ಕಿಗಳನ್ನು ನೋಡುವುದನ್ನು ಅವರಿಗೆ ತಂದೆಯೇ ಕಲಿಸಿದರು. ಕಳ್ಳಿಪೀರ ಹಕ್ಕಿಯ ಬಾಲದ ನಡುವೆ ತಂತಿಯಂಥ ಗರಿಯಿರುತ್ತದೆ. ಆ ಗರಿಯಿಲ್ಲದ ಹಕ್ಕಿಯನ್ನು ಕಂಡ ಹುಡುಗ ಕಾರಣ ಕೇಳಿ ಸಲೀಂ ಅಲಿಯವರಿಗೆ ಪತ್ರ ಬರೆದ. ಗರಿ ಉದುರಿಸಿ ಹೊಸದು ಪಡೆಯುವ ಕಾಲವಿರುತ್ತದೆಂದು ಸಲೀಂ ಅಲಿಯವರ ಉತ್ತರವೂ ಬಂತು. ಆಗ ಹುಡುಗನಿಗೆ ಹದಿನಾಲ್ಕು ವರ್ಷ. ಒಂದೇ ಜಾತಿಯ ಹಕ್ಕಿಯನ್ನು ಮತ್ತೆ ಮತ್ತೆ ನೋಡಿದವನಿಗೆ ಮಾತ್ರ ಇಂಥ ಪ್ರಶ್ನೆ ಹುಟ್ಟಲು ಸಾಧ್ಯ. ವರ್ಷಕ್ಕೊಂದು ಸಹಲಿನಲ್ಲಿ ಹುಟ್ಟಲಾರದು.

ಈ ಪುಣೆಯ ಹುಡುಗ ಮುಂದೆ 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ಮೂರು ದಶಕ ಕನ್ನಡ ನಾಡೇ ಅವರ ಕರ್ಮಭೂಮಿಯಾಯಿತು. ಉತ್ತರ ಕನ್ನಡದ ಬಿದಿರು, ಸಹ್ಯಾದ್ರಿಯ ದೇವರಕಾಡುಗಳು ಅವರ ಅಧ್ಯಯನಕ್ಕೆ ಬಂದವು. 1990ರ ದಶಕದಲ್ಲಿ ಪಶ್ಚಿಮಘಟ್ಟದ ಉದ್ದಕ್ಕೂ ಕಾಲೇಜುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಸುತ್ತಲಿನ ಜೀವರಾಶಿಯನ್ನು ತಾವೇ ದಾಖಲಿಸುವ ಜಾಲವೊಂದನ್ನು ಅವರು ಕಟ್ಟಿದರು. ವಿದ್ಯಾರ್ಥಿಯನ್ನು ಪ್ರೇಕ್ಷಕನ ಸ್ಥಾನದಿಂದ ಎಬ್ಬಿಸಿ ಲೆಕ್ಕ ಬರೆಯುವವನ ಸ್ಥಾನದಲ್ಲಿ ಕೂರಿಸಿದ್ದು ಈ ಪ್ರಯತ್ನದ ವಿಶೇಷ.

ಪುಣೆಯಲ್ಲಿಯೇ ಉಳಿದು ಇದೇ ರೀತಿಯಲ್ಲಿ ದುಡಿದವರು ಪ್ರಕಾಶ ಗೋಳೆಯವರು. ಅವರು 1982ರಲ್ಲಿ ಇಕಾಲಾಜಿಕಲ್ ಸೊಸೈಟಿಯನ್ನು ಸ್ಥಾಪಿಸಿದರು. ಮುಳಾ-ಮುಠಾ ನದಿಯ ಹಕ್ಕಿಗಳ ಬಗ್ಗೆ 1984ರಲ್ಲಿ ಅವರು ಬರೆದ ಪ್ರಬಂಧದ ವಿಷಯವೇ ಹೊಲಸಾದ ನದಿಯೊಂದರ ಹಕ್ಕಿಗಳು. ನೀರು ಕೆಟ್ಟರೆ ಹಕ್ಕಿಗಳೆಲ್ಲ ಮಾಯವಾಗುತ್ತವೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ತಿಳಿನೀರಿನಲ್ಲಿ ಮೀನು ಕಂಡು ಹಿಡಿಯುವವು ಹೋಗುತ್ತವೆ, ಮೆಟ್ಟುಗಾಲು ಹಕ್ಕಿಯಂಥ ಕೊಳಕಿಗೆ ಹೆದರದವು ಬಂದು ತುಂಬುತ್ತವೆ. ದಂಡೆಯಲ್ಲಿ ನಿಂತ ಮಗುವಿಗೆ ಹಕ್ಕಿಗಳ ಗುಂಪು ಕಂಡು ಸಂತೋಷವೇ ಆಗುತ್ತದೆ. ಅದು ಯಾವ ಹಕ್ಕಿ, ಯಾಕೆ ಇಲ್ಲಿದೆ ಎಂದು ಹೇಳುವವರು ಪಕ್ಕದಲ್ಲಿದ್ದರೆ ಮಾತ್ರ ಆ ಗುಂಪು ನದಿಯ ರೋಗದ ಲಕ್ಷಣವೆಂದು ತಿಳಿಯುತ್ತದೆ. ಈ ನೀರು ಮುಂದೆ ಭೀಮೆಯನ್ನು ಸೇರಿ, 1980ರಲ್ಲಿ ಮುಗಿದ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ತುಂಬುತ್ತದೆ. ಚಳಿಗಾಲದಲ್ಲಿ ಭಿಗವಣದ ಬಳಿ ರಾಜಹಂಸಗಳು ಇಳಿಯುವುದು ಅಲ್ಲಿಯೇ. ಪುಣೆಯಿಂದ ಸುಮಾರು ನೂರು ಕಿಲೋಮೀಟರು. ಈಗ ಅನೇಕ ಶಾಲೆಗಳ ಬಸ್ಸು ಅಲ್ಲಿಗೂ ಹೋಗುತ್ತದೆ. ಅಲ್ಲಿಂದ ನದಿ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಾಪುರ-ಕಲಬುರ್ಗಿಗಳ ಸೀಮೆಯನ್ನು ಹಾದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಾವು ಡೆಕ್ಕನ್ ಜಿಮಖಾನಾದ ಮೋರಿಗೆ ಬಿಟ್ಟದ್ದು ನಮ್ಮ ಅಣ್ಣತಮ್ಮಂದಿರ ಹೊಲದ ಕಡೆಗೇ ಹೊರಟಿರುತ್ತದೆ!

ಸರಕಾರಿ ಪಾಠಪಟ್ಟಿಯಲ್ಲಿ ಪರಿಸರಕ್ಕೆ ಗಟ್ಟಿಯಾದ ಸ್ಥಾನ ದೊರಕಿಸಿದ್ದು ನ್ಯಾಯಾಲಯ. ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರ ನವಂಬರದಲ್ಲಿ ಶಾಲಾ-ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. 2003ರಲ್ಲಿ ಮತ್ತೊಮ್ಮೆ ಎಚ್ಚರಿಸಬೇಕಾಯಿತು. ಈ ನಡುವೆ 1993ರಲ್ಲಿ ಪುಣೆಯ ಭಾರತಿ ವಿದ್ಯಾಪೀಠದಲ್ಲಿ ಪರಿಸರ ಶಿಕ್ಷಣಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಅದರ ಮುಂದಾಳು ಡಾ. ಎರಾಕ್ ಭರೂಚಾ ವೃತ್ತಿಯಿಂದ ಶಸ್ತ್ರವೈದ್ಯರು. ದೇಶದ ಬೇರೆ ಬೇರೆ ರಾಜ್ಯಗಳ ಪಠ್ಯಪುಸ್ತಕಗಳಲ್ಲಿ ಪರಿಸರದ ವಿಷಯ ಎಷ್ಟಿದೆ, ಹೇಗಿದೆ ಎಂದು ಪರಿಶೀಲಿಸುವ ದೊಡ್ಡ ಕೆಲಸವನ್ನು ಈ ಸಂಸ್ಥೆ ಮಾಡಿತು. ವಿಷಯ ಕಡ್ಡಾಯವಾದದ್ದು ಲಾಭವೇ. ಆದರೆ ಕಡ್ಡಾಯವೆಂದರೆ ಪರೀಕ್ಷೆ, ಪರೀಕ್ಷೆಯೆಂದರೆ ಗೈಡು. ಅಂಗಡಿಯಲ್ಲಿ ಸಿದ್ಧ 'ಪ್ರಾಜೆಕ್ಟ್' ಹಾಳೆಗಳು ಮಾರಾಟಕ್ಕಿರುವುದನ್ನು ಅಪ್ಪಾ ಬಳವಂತ ಚೌಕಿನಲ್ಲಿ ಪುಸ್ತಕ ಕೊಂಡ ಪಾಲಕರೆಲ್ಲ ಬಲ್ಲರು.

ಇನ್ನು ಪಠ್ಯಪುಸ್ತಕದ ಮಾತು. ಸೇನಾಪತಿ ಬಾಪಟ ರಸ್ತೆಯಲ್ಲಿ 'ಬಾಲಭಾರತಿ' ಇದೆ. ಇದು 1967ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳ. ಮರಾಠಿಯ ಜೊತೆಗೆ ಉರ್ದು, ಹಿಂದಿ, ಗುಜರಾತಿ ಮುಂತಾದ ಭಾಷೆಗಳಲ್ಲಿಯೂ, ಮುಖ್ಯವಾಗಿ ನಮ್ಮ ಕನ್ನಡದಲ್ಲಿಯೂ, ಇಲ್ಲಿ ಪುಸ್ತಕಗಳು ಸಿದ್ಧವಾಗುತ್ತವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳು ಓದುವ 'ಪರಿಸರ ಅಭ್ಯಾಸ' ಹೊರಡುವುದು ಈ ಕಟ್ಟಡದಿಂದ. ಸುತ್ತಲಿನದನ್ನು ನೋಡಿ ತಿಳಿ ಎಂಬುದೇ ಆ ವಿಷಯದ ತಿರುಳು. ಬಾಲಭಾರತಿಯ ಬೆನ್ನಿಗೇ ವೇತಾಳ ಟೇಕಡಿ ನಿಂತಿದೆ. ಅದು ಪುಣೆಯ ನಗರದೊಳಗಿನ ಅತಿ ಎತ್ತರದ ಗುಡ್ಡ. ನವಿಲುಗಳಿವೆ, ಹಳೆಯ ಕಲ್ಲಿನ ಗಣಿಯಲ್ಲಿ ನೀರು ನಿಲ್ಲುತ್ತದೆ, ಮಳೆ ಬಿದ್ದೊಡನೆ ಹುಲ್ಲಿನ ನಡುವೆ ಪುಟ್ಟ ಹೂಗಳು ಏಳುತ್ತವೆ. ಬಸ್ಸು ಬೇಡ, ಟಿಕೀಟು ಬೇಡ. ವರ್ಷಕ್ಕೆ ನಾಲ್ಕು ಸಲ ನಾಲ್ಕು ಋತುಗಳಲ್ಲಿ ಹೋಗಬಹುದಾದ ಪಾಠಶಾಲೆ. ಇದೇ ಗುಡ್ಡವನ್ನು ಕೊರೆದು ರಸ್ತೆ ಮಾಡುವ ಯೋಜನೆ ದಶಕಗಳಿಂದ ಕಾಗದದ ಮೇಲಿತ್ತು. 2023ರಲ್ಲಿ ಅದು ಮತ್ತೆ ಮುಂದೆ ಬಂದಾಗ ಊರಿನವರು ಸಾವಿರಾರು ಜನ ಗುಡ್ಡಕ್ಕಾಗಿ ರಸ್ತೆಗಿಳಿದರು. ಆ ಯೋಜನೆಯ ಹೆಸರು ಏನು ಗೊತ್ತೇ? 'ಬಾಲಭಾರತಿ–ಪೌಡ ಫಾಟಾ ರಸ್ತೆ'. ಪರಿಸರದ ಪುಸ್ತಕ ಬರೆಸುವ ಮನೆಯ ಹೆಸರೇ ಗುಡ್ಡ ಸೀಳುವ ರಸ್ತೆಗೆ ಅಂಟಿಕೊಂಡದ್ದು ವಿಧಿಯ ವಿನೋದ. ಅದರಲ್ಲಿ ಮಂಡಳದ ತಪ್ಪೇನೂ ಇಲ್ಲ.

ಆ ಕನ್ನಡ ಪುಸ್ತಕ ತಲಪುವ ಸೊಲ್ಲಾಪುರದ ಸೀಮೆಗೆ ಹೋದರೆ ಇದೇ ಪ್ರಶ್ನೆ ಇನ್ನೂ ಕಠಿಣವಾಗಿ ಎದುರಾಗುತ್ತದೆ. ಸೊಲ್ಲಾಪುರದ ಹತ್ತಿರದ ನಾನ್ನಜದಲ್ಲಿ ಬಯಲು ಹುಲ್ಲುಗಾವಲಿದೆ. ಅಲ್ಲಿದ್ದದ್ದು ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರ್ಲಡ್ಡು ಎಂಬ ಹಕ್ಕಿ. ಒಂದು ಮೀಟರು ಎತ್ತರ, ಗಂಡಾದರೆ ಹದಿನೈದು ಕಿಲೋದ ವರೆಗೆ ತೂಕ, ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. 1970ರ ದಶಕದಲ್ಲಿ ಸೊಲ್ಲಾಪುರದ ಪಕ್ಷಿಪ್ರೇಮಿ ಬಿ. ಎಸ್. ಕುಲಕರ್ಣಿಯವರು ಈ ಹಕ್ಕಿಗಳ ಬೆನ್ನು ಹತ್ತಿ ಸರಕಾರದ ಗಮನ ಸೆಳೆದರು. 1979ರಲ್ಲಿ ಅಭಯಾರಣ್ಯವಾಯಿತು. ಮುಂದೆ ಅದರ ವಿಸ್ತಾರ 8,496 ಚದರ ಕಿಲೋಮೀಟರಿಗೆ ಮುಟ್ಟಿತು. ಇಡೀ ತಾಲೂಕುಗಳೇ ಒಳಗೆ ಬಂದವು, ಸ್ವಂತ ಹೊಲವನ್ನು ಮಾರಲೂ ಅಡಚಣೆಯಾಯಿತು, ರೈತರು ಹಕ್ಕಿಯನ್ನೇ ಶಪಿಸತೊಡಗಿದರು. ಕೊನೆಗೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ಹುಲ್ಲುಗಾವಲಿನ ಸುತ್ತ ಕಬ್ಬು, ದ್ರಾಕ್ಷಿ, ವಿದ್ಯುತ್ ತಂತಿಗಳು ಹಬ್ಬಿದ್ದವು.

ಸೊಲ್ಲಾಪುರದ ಶಾಲೆಗಳಿಗೆ ನಾನ್ನಜ ಒಂದು ಮುಂಜಾನೆಯ ದಾರಿ. ಹೋದ ಮಕ್ಕಳಿಗೆ ಇಂದಿಗೂ ಚಿಗರಿಗಳ ಹಿಂಡು ಕಾಣಿಸುತ್ತದೆ, ದೈವವಿದ್ದರೆ ತೋಳವೂ ಕಂಡೀತು. ಎರ್ಲಡ್ಡು ಮಾತ್ರ ಒಂದೇ ಒಂದು ಕಂಡರೂ ಪತ್ರಿಕೆಯ ಸುದ್ದಿ. ಇಡೀ ದೇಶದಲ್ಲಿಯೇ ಉಳಿದಿರುವುದು ನೂರೈವತ್ತರ ಆಸುಪಾಸು, ಅದರಲ್ಲಿಯೂ ಬಹುಪಾಲು ರಾಜಸ್ಥಾನದ ಜೈಸಲಮೇರಿನಲ್ಲಿ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು. ಮುಂಗಾರಿನಲ್ಲಿ ಹುಲ್ಲು ಚಿಗುರಿದಾಗ ಗಂಡು ಹಕ್ಕಿ ಕತ್ತಿನ ಚೀಲ ಉಬ್ಬಿಸಿ, ಬಾಲ ಬೆನ್ನಿನ ಮೇಲೆ ಮಡಿಚಿ ನಿಂತು, ದೂರದವರೆಗೆ ಕೇಳುವಂತೆ ಕೂಗುತ್ತದೆ. ಅದನ್ನು ಕಿವಿಯಾರೆ ಕೇಳಿದವರು ಸೊಲ್ಲಾಪುರದ ಕಡೆಯ ನಮ್ಮ ಸದಸ್ಯರಲ್ಲಿ ಯಾರಾದರೂ ಇದ್ದರೆ, ಯಾವ ವರ್ಷ, ಯಾವ ಊರಿನ ಮಾಳದಲ್ಲಿ ಎಂಬುದನ್ನು ಬರೆದು ಕಳಿಸಬೇಕೆಂದು ವಿನಂತಿ.