ವಾರ್ತೆಯ ಎರಡು ಅರ್ಥಗಳು: ಶಂಕರ ವಾಸುದೇವ ಕಿರ್ಲೋಸ್ಕರರ ಪತ್ರಿಕಾವ್ಯವಸಾಯ

ಕೌಟಿಲ್ಯನು ಎಣಿಸಿದ ನಾಲ್ಕು ವಿದ್ಯೆಗಳಲ್ಲಿ ವಾರ್ತೆಯೂ ಒಂದು. ಆತನ ಶಾಸ್ತ್ರದಲ್ಲಿ ಈ ಶಬ್ದಕ್ಕೆ ಕೃಷಿ, ಪಶುಪಾಲನೆ, ವಾಣಿಜ್ಯಗಳೆಂದೇ ಅರ್ಥವು. ವೃತ್ತಿಯಿಂದ, ಎಂದರೆ ಜೀವಿಕೆಯಿಂದ, ಹುಟ್ಟಿದ ಪದವಾದುದರಿಂದ ಇದು ಸಹಜವೇ ಆಗಿದೆ. ಲೋಕವ್ಯವಹಾರದಲ್ಲಿ ಅದೇ ಪದವು ಸುದ್ದಿಯೆಂಬ ಅರ್ಥದಲ್ಲಿ ರೂಢವಾಯಿತು. ಈ ಎರಡು ಅರ್ಥಗಳನ್ನು ಒಂದೇ ಪತ್ರಿಕೆಯಲ್ಲಿ ಕೂಡಿಸಿದವರ ಚರಿತ್ರವು ಆಧುನಿಕ ಪತ್ರಿಕೆಗಳ ಇತಿಹಾಸದಲ್ಲಿ ವಿಚಾರಾರ್ಹವಾದುದು.

ಜಪಾನದಲ್ಲಿ ಮಾಚಿದಾ ಚೂಜಿ ಎಂಬವರು ೧೮೯೫ರಲ್ಲಿ 'ತೋಯೋ ಕೇಯ್‌ಜಾಯ್ ಶಿಂಪೋ' ಎಂಬ ಆರ್ಥಿಕ ಪತ್ರಿಕೆಯನ್ನೂ, ಇಶಿಯಾಮಾ ಕೆಂಕಿಚಿ ಎಂಬವರು ೧೯೧೩ರಲ್ಲಿ 'ಡೈಮಂಡ್' ಎಂಬುದನ್ನೂ ಸ್ಥಾಪಿಸಿದರು. ಇವಕ್ಕೆ ಹೋಲಿಸಬಹುದಾದ ಒಂದು ಪ್ರಯತ್ನವು ಕೃಷ್ಣಾತೀರದಲ್ಲಿ, ಅಥಣಿ, ಕಾಗವಾಡಗಳಿಗೆ ಬಹುದೂರವಲ್ಲದ ಒಂದು ಹಳ್ಳಿಯಲ್ಲಿ, ೧೯೨೦ರಲ್ಲಿ ನಡೆಯಿತು. 'ಕಿರ್ಲೋಸ್ಕರ ಖಬರ' ಎಂಬ ಮರಾಠಿ ಮಾಸಪತ್ರಿಕೆಯೇ ಅದು. ಅದರ ಸಂಪಾದಕರು ಶಂಕರ ವಾಸುದೇವ ಕಿರ್ಲೋಸ್ಕರರು (೧೮೯೧–೧೯೭೫).

ಮೊದಲು ಈ ಮನೆತನದ ವಿಷಯವನ್ನು ಹೇಳಬೇಕು. ಕಾರಖಾನೆಯ ಸ್ಥಾಪಕರಾದ ಲಕ್ಷ್ಮಣರಾಯರು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ೧೮೮೦ರಲ್ಲಿ 'ಶಾಕುಂತಲ'ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಒಂದೇ ಕನ್ನಡ ಗ್ರಾಮದಿಂದ ಮಹಾರಾಷ್ಟ್ರಕ್ಕೆ ನಾಟಕವೂ ನೇಗಿಲೂ ಹೋದುವೆಂಬುದು ಸ್ಮರಣೀಯವು.

ಲಕ್ಷ್ಮಣರಾಯರು ಮುಂಬಯಿಯಲ್ಲಿಯ ಅಧ್ಯಾಪಕವೃತ್ತಿಯನ್ನು ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಸೈಕಲ್ ಅಂಗಡಿಯಿಂದ ಮೊದಲಾಗಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳವರೆಗೆ ಬೆಳೆದರು. ಕಬ್ಬಿಣವು ತಾಗಿದರೆ ಭೂಮಿಗೆ ವಿಷವೇರುವುದೆಂಬ ಶಂಕೆಯಿಂದ ರೈತರು ಆ ನೇಗಿಲನ್ನು ಕೊಳ್ಳಲು ಹಿಂಜರಿದರು. ಮುಂದೆ ಬೆಳಗಾವಿಯ ಸ್ಥಳವನ್ನು ತೆರವು ಮಾಡಬೇಕಾದಾಗ ಔಂಧ ಸಂಸ್ಥಾನದ ಅರಸರು ಕುಂಡಲದ ಬಳಿ ಬಂಜರು ಭೂಮಿಯನ್ನು ಕೊಟ್ಟರು. ೧೯೧೦ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ನೆಲೆಗೊಂಡಿತು.

ಇಲ್ಲಿ ಭೂಗೋಲವನ್ನು ಮರೆಯಲಾಗದು. ಕುಂಡಲ ರೋಡ ಎಂದಿದ್ದ ನಿಲ್ದಾಣಕ್ಕೇ ಅನಂತರ ಕಿರ್ಲೋಸ್ಕರವಾಡಿಯೆಂಬ ಹೆಸರಾಯಿತು. ಅಲ್ಲಿಂದ ಹೊರಟ ರೈಲುಮಾರ್ಗವು ಮಿರಜವನ್ನು ದಾಟಿ ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡಗಳ ಮೂಲಕ ಬೆಳಗಾವಿಯ ಕಡೆಗೆ ಸಾಗುವುದು. ಕಾಗವಾಡ, ಅಥಣಿಗಳ ಎರೆಭೂಮಿ, ಉಗಾರದ ಕಬ್ಬಿನ ಸೀಮೆ, ನಿಪ್ಪಾಣಿಯ ತಂಬಾಕಿನ ಹೊಲಗಳು ಈ ಪ್ರದೇಶದ ಸಂಪತ್ತು. ಇಲ್ಲಿಯ ಜನರು ಮನೆಯಲ್ಲಿ ಕನ್ನಡವನ್ನಾಡಿದರೂ ಪೇಟೆಯಲ್ಲಿ ಮರಾಠಿಯನ್ನು ಬಳಸಬಲ್ಲವರು. ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿಯೂ, ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿಯೂ ಇದ್ದ ಕಾಲವದು. ಆಡಳಿತದ ಗೆರೆಗಳು ಹಲವಿದ್ದರೂ ರೈಲು ಮಾತ್ರ ಒಂದೇ ಇದ್ದಿತು.

ಲಕ್ಷ್ಮಣರಾಯರ ಸೋದರನ ಮಗನಾದ ಶಂಕರರಾಯರು ಚಿತ್ರಕಲೆಯನ್ನು ಅಭ್ಯಾಸ ಮಾಡಿದವರು. ಕಿರ್ಲೋಸ್ಕರ ಬಂಧುಗಳ ಉದ್ಯಮವು ೧೯೨೦ರಲ್ಲಿ ಕೂಡುಬಂಡವಾಳದ ಕಂಪನಿಯಾಯಿತು. ಪತ್ರಿಕೆಯೂ ಅದೇ ವರ್ಷ ಹೊರಟಿತು. ಮೊದಲು ಅದು ಕಾರಖಾನೆಯ ಸಮಾಚಾರವನ್ನೂ ಅದರ ಉಪಕರಣಗಳ ಗುಣಗಳನ್ನೂ ತಿಳಿಸುವ ಕಿರುಪತ್ರಿಕೆ. ಕ್ರಮೇಣ ಉದ್ಯೋಗಶೀಲರ ಚರಿತ್ರೆಗಳು, ಸ್ವಾವಲಂಬನೆ, ಸಮಾಜಸುಧಾರಣೆ, ವಿಜ್ಞಾನಬುದ್ಧಿ ಇವೆಲ್ಲವೂ ಅದರ ವಿಷಯಗಳಾದವು. ಸಂಪಾದಕರೇ ವ್ಯಂಗ್ಯಚಿತ್ರಗಳನ್ನು ಬರೆದರು. ಬಳಿಕ 'ಖಬರ' ಎಂಬ ಯಾವನೀ ಶಬ್ದವು ಬಿಟ್ಟುಹೋಗಿ 'ಕಿರ್ಲೋಸ್ಕರ' ಎಂಬುದೇ ಹೆಸರಾಗಿ ನಿಂತಿತು. ೧೯೩೦ರಲ್ಲಿ 'ಸ್ತ್ರೀ', ೧೯೩೪ರಲ್ಲಿ 'ಮನೋಹರ' ಎಂಬ ಸೋದರಪತ್ರಿಕೆಗಳು ಜನಿಸಿದವು.

ಕಾರಖಾನೆಯ ಪತ್ರಿಕೆಯು ಜಾಹೀರಾತೇ ಹೊರತು ಪತ್ರಿಕೆಯಲ್ಲವೆಂದು ಒಂದು ಆಕ್ಷೇಪವುಂಟು. ಇದು ಪೂರ್ಣವಾಗಿ ನಿರಾಧಾರವಲ್ಲ. ಜಪಾನದ ಇಶಿಯಾಮಾ ಅವರು ಕಂಪನಿಗಳ ಲೆಕ್ಕಪತ್ರಗಳನ್ನು ಹೊರಗಿನಿಂದ ಪರೀಕ್ಷಿಸಿದರು; ಶಂಕರರಾಯರು ಕಂಪನಿಯ ಒಳಗೇ ಕುಳಿತು ಬರೆದರು. ಒಡೆತನದ ದೋಷಗಳನ್ನು ನಿಷ್ಠುರವಾಗಿ ಹೇಳುವ ಸ್ವಾತಂತ್ರ್ಯವು ಇಂತಹ ಪತ್ರಿಕೆಗೆ ಸುಲಭವಲ್ಲ. ಆದರೆ ಬರಿಯ ಜಾಹೀರಾತಿಗೆ 'ಸ್ತ್ರೀ'ಯಂತಹ ಪತ್ರಿಕೆಯ ಅಗತ್ಯವೇನು? ನೇಗಿಲನ್ನು ಮಾರಲು ಹೆಣ್ಣುಮಕ್ಕಳ ವಿದ್ಯೆಯನ್ನೂ ವಿವಾಹದ ಪ್ರಶ್ನೆಗಳನ್ನೂ ಚರ್ಚಿಸಬೇಕಾಗಿರಲಿಲ್ಲ. ಹೊಸ ಉಪಕರಣವನ್ನು ಸ್ವೀಕರಿಸಬೇಕಾದರೆ ಹೊಸ ಮನಸ್ಸು ಬೇಕು. ಕಬ್ಬಿಣದ ವಿಷದ ಶಂಕೆಯನ್ನು ಕಂಡ ಮನೆತನಕ್ಕೆ ಇದು ಅನುಭವದಿಂದಲೇ ತಿಳಿದಿದ್ದಿತು. ಆದುದರಿಂದ ಪತ್ರಿಕೆಯು ಒಡೆಯನ ಲಾಭವನ್ನು ಮೀರಿ ಬೆಳೆಯಿತೆಂಬುದೇ ಯುಕ್ತವಾದ ನಿರ್ಣಯವು.

ಮರಾಠಿ ಪತ್ರಿಕೆಯ ಚರಿತ್ರವು ಕನ್ನಡಿಗರಿಗೇಕೆ ಎಂಬುದು ಎರಡನೆಯ ಆಕ್ಷೇಪ. ಲಕ್ಷ್ಮಣರಾಯರು ೧೯೫೬ನೆಯ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ ೧ರಂದು ಅವರ ಜನ್ಮಗ್ರಾಮವೂ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳೂ ಮೈಸೂರು ರಾಜ್ಯಕ್ಕೆ ಸೇರಿದವು. ಕಿರ್ಲೋಸ್ಕರವಾಡಿಯು ಆ ಕಡೆಗೆ ಉಳಿಯಿತು. ಅಷ್ಟರಲ್ಲಿ, ೧೯೪೧ರಲ್ಲೇ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿಯು ಸ್ಥಾಪಿತವಾಗಿದ್ದಿತು. ಸೀಮೆಯನ್ನು ಎಳೆದವರಿಗೆ ಗ್ರಾಮಗಳನ್ನು ಹಂಚುವುದು ಸಾಧ್ಯವಾಯಿತು. ಒಂದು ಸೀಮೆಯ ಬುದ್ಧಿವ್ಯವಸಾಯವನ್ನು ಹಾಗೆ ಹಂಚಲಾಗದು. ಭಾಷೆಯೊಂದನ್ನೇ ನೋಡಿ ಈ ಚರಿತ್ರವನ್ನು ಕೈಬಿಟ್ಟರೆ ಗಡಿನಾಡಿನ ಇತಿಹಾಸದ ಅರ್ಧವನ್ನೇ ಬಿಟ್ಟಂತಾಗುವುದು.

ಶಂಕರರಾಯರು ಲಕ್ಷ್ಮಣರಾಯರ ಜೀವನಚರಿತ್ರೆಯನ್ನೂ, ಕೊನೆಗೆ ತಮ್ಮ ಆತ್ಮಕಥೆಯನ್ನೂ ಬರೆದು ೧೯೭೫ರಲ್ಲಿ ನಿಧನರಾದರು. ಜೀವಿಕೆ, ಸುದ್ದಿ ಎಂಬ ವಾರ್ತೆಯ ಎರಡು ಅರ್ಥಗಳು ಬೇರೆಯಲ್ಲವೆಂದು ಅವರ ಪತ್ರಿಕಾವ್ಯವಸಾಯವು ತೋರಿಸಿಕೊಟ್ಟಿತು. ಕನ್ನಡದ ವಾಣಿಜ್ಯಪತ್ರಿಕೆಗಳ ಚರಿತ್ರೆಯನ್ನು ಬರೆಯುವವರು ಕೃಷ್ಣೆಯ ಎರಡು ದಡಗಳನ್ನೂ ನೋಡಿ ಬರೆಯುವುದು ಉಚಿತವು.