ಚಾಕುವಿನ ಹಿಡಿ ಮತ್ತು ಯುದ್ಧವಿಮಾನದ ರೆಕ್ಕೆಗಾಳಿ

ಸರಣಿ: ಮನೆಯೊಳಗಿನ ಇತಿಹಾಸ 🔪

1/5
ಹೋದ ತಿಂಗಳು ಕುಂಬಳಕಾಯಿ ಹೆಚ್ಚೋವಾಗ ನಮ್ಮನೆ ಹಳೇ ಚಾಕುವಿನ ಹಿಡಿ ಅಲುಗಾಡಿ ಹೆಬ್ಬೆರಳು ಕುಯ್ದುಕೊಂಡೆ. ನೋಡಿದ್ರೆ ಮರ ಬಿರುಕು ಬಿಟ್ಟಿದೆ, ರಿವೆಟ್ ಸಡಿಲ, ಸಂದಿಯಲ್ಲಿ ಕಪ್ಪು ಕೊಳೆ. ಅಮ್ಮ ಹೊಸದು ತಂದ್ರು. ಹಿಡಿ ಮರದ್ದೇ, ಗೆರೆಗೆರೆ ಕಂದು ಬಣ್ಣ. ಆದ್ರೆ ಕಲ್ಲಿನಷ್ಟು ನುಣುಪು, ಭಾರ. ಇದನ್ನ 'ಪಕ್ಕಾವುಡ್' ಅಂತಾರೆ. ನಮ್ಮ ಕಿವಿಗೆ 'ಪಕ್ಕಾ ಮರ' ಅಂತಲೇ ಕೇಳುತ್ತೆ ಅಲ್ವಾ? ತೆಳು ಮರದ ಹಾಳೆಗಳಿಗೆ ರಾಳ ಕುಡಿಸಿ, ಒತ್ತಿ ಮಾಡಿದ್ದು. ಇದರ ಹಿಂದೆ ನೂರು ವರ್ಷಕ್ಕೂ ಹಳೆಯ ಕಥೆ ಇದೆ.

2/5
ಮರ ಕಡಿದ ಮೇಲೂ ನೀರು ಕುಡಿಯೋದನ್ನ ಬಿಡಲ್ಲ. ತೇವ ಹೀರಿದಾಗ ಅಡ್ಡಕ್ಕೆ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಒದೀತೀವಲ್ಲ, ಅದೇ. ಚಾಕುವಿನಲ್ಲಿ ತೊಂದರೆ ಇನ್ನೂ ಜಾಸ್ತಿ, ಯಾಕಂದ್ರೆ ಮರ ಉಬ್ಬಿದ್ರೂ ಒಳಗಿನ ಉಕ್ಕು ಉಬ್ಬಲ್ಲ.
1907ರಲ್ಲಿ ಬೆಲ್ಜಿಯಂ ಮೂಲದ ಲಿಯೋ ಬೇಕಲ್ಯಾಂಡ್, ನ್ಯೂಯಾರ್ಕ್ ಹತ್ತಿರದ ಯಾಂಕರ್ಸ್‌ನಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮರಕ್ಕೆ ಕುಡಿಸಿ ಗಟ್ಟಿ ಮಾಡೋಕೆ ನೋಡಿದ್ರು. ಕೊನೆಗೆ ಮರಕ್ಕಿಂತ ಆ ರಾಳವೇ ದೊಡ್ಡ ವಸ್ತು ಅಂತ ಗೊತ್ತಾಯ್ತು. ಅದೇ ಬೇಕಲೈಟ್. ಜಗತ್ತು ಪ್ಲಾಸ್ಟಿಕ್ ಹಿಂದೆ ಹೋಯ್ತು, ಮರ ಹಿಂದೆ ಉಳೀತು.

3/5
ಮರದ ಕಥೆಯನ್ನ ಮುಂದುವರಿಸಿದ್ದು ಅಮೆರಿಕದ ಮ್ಯಾಡಿಸನ್‌ನಲ್ಲಿರೋ ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯ. ಆಲ್ಫ್ರೆಡ್ ಸ್ಟ್ಯಾಮ್ ಮತ್ತು ರೇಮಂಡ್ ಸೀಬೋರ್ಗ್ ಹಿಡಿದ ಗುಟ್ಟು ಏನು ಗೊತ್ತಾ? ಜಾಮೂನು ನೆನೆಸಿಕೊಳ್ಳಿ. ಪಾಕ ತೆಳುವಾಗಿದ್ರೆ ಒಳಗೆ ಇಳಿಯುತ್ತೆ, ಗಟ್ಟಿಯಾದ್ರೆ ಮೇಲೇ ಅಂಟಿಕೊಳ್ಳುತ್ತೆ. ಹಾಗೇ, ನೀರಲ್ಲಿ ಕರಗೋ ಸಣ್ಣ ಅಣುಗಳ ರಾಳ ತಗೊಂಡ್ರೆ ಅದು ಮರದ ಜೀವಕೋಶದ ಗೋಡೆಯೊಳಕ್ಕೇ ಇಳಿಯುತ್ತೆ. ಆಮೇಲೆ ಕಾಯಿಸಿದ್ರೆ ಅಲ್ಲೇ ಗಟ್ಟಿಯಾಗುತ್ತೆ. ನೀರು ಕೂರೋ ಜಾಗದಲ್ಲಿ ರಾಳ ಕೂತಿರುತ್ತೆ!
ಬರೀ ರಾಳ ಕುಡಿಸಿದ್ದು 'ಇಂಪ್ರೆಗ್'. ರಾಳ ಗಟ್ಟಿಯಾಗೋ ಮೊದಲೇ ಭಾರೀ ಒತ್ತಡದಲ್ಲಿ ಹಿಂಡಿದ್ದು 'ಕಾಂಪ್ರೆಗ್'. ಕಾಂಪ್ರೆಗ್‌ನ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು. ಅಂದ್ರೆ ಈ ಮರ ತೇಲಲ್ಲ, ಮುಳುಗುತ್ತೆ.

4/5
ಆಗ ಎರಡನೇ ಮಹಾಯುದ್ಧ ✈️ ಅಲ್ಯೂಮಿನಿಯಂಗೆ ಎಲ್ಲೆಲ್ಲೂ ಬೇಡಿಕೆ. ಬ್ರಿಟನ್‌ನಲ್ಲಿ ಇದೇ ಜಾತಿಯ, ರಾಳ ಹಾಕಿ ಒತ್ತಿದ ಮರದ ಪದರಗಳಿಂದ ಪ್ರೊಪೆಲರ್ ಅಲಗು ಮಾಡಿದ್ರು. ಹಲವು ಸ್ಪಿಟ್‌ಫೈರ್ ಯುದ್ಧವಿಮಾನಗಳು ಹಾರಿದ್ದು ರೋಟಾಲ್ ಕಂಪನಿಯ ಇಂಥ ಮರದ ಅಲಗುಗಳ ಮೇಲೆ.
ಯುದ್ಧದ ಕೆಲಸಕ್ಕೆ ಪಳಗಿದ ಮರ ಆಮೇಲೆ ಮಗ್ಗದ ಲಾಳಿ, ಸದ್ದಿಲ್ಲದ ಗಿಯರ್, ವಿದ್ಯುತ್ ಇನ್ಸುಲೇಟರ್ ಹೀಗೆ ಎಲ್ಲೆಲ್ಲೋ ಹೋಯ್ತು. ಜಾಸ್ತಿ ನೆಲೆ ನಿಂತ ಜಾಗಗಳಲ್ಲಿ ಒಂದು ಚಾಕುವಿನ ಹಿಡಿ. ತಯಾರಾದ ತುಂಡನ್ನ ರಿವೆಟ್ ಹೊಡೆದು ಕೂರಿಸ್ತಾರೆ. ಇನ್ನೊಂದು ವಿಧಾನದಲ್ಲಿ ಉಕ್ಕಿನ ಸುತ್ತಲೇ ಮರವನ್ನ ಅಚ್ಚಲ್ಲಿ ಗಟ್ಟಿ ಮಾಡ್ತಾರೆ.

5/5
ಅಮೆರಿಕದ ವರ್ಮಾಂಟ್‌ನ ರಟ್ಲೆಂಡ್ ಊರಲ್ಲಿ ಬರ್ಚ್ ಮರದ ಹಾಳೆಗಳಿಗೆ ಬಣ್ಣ ಕುಡಿಸಿ 'ಡೈಮಂಡ್‌ವುಡ್' ಮಾಡ್ತಿದ್ರು. ಚಾಕು ಮಾಡೋರಿಗೆ ಅದು ಅಚ್ಚುಮೆಚ್ಚು. 2014ರ ಬೆಂಕಿಯಲ್ಲಿ ಕಾರ್ಖಾನೆ ಸುಟ್ಟುಹೋಯ್ತು, ಮತ್ತೆ ಕಟ್ಟಲಿಲ್ಲ. ನೀರನ್ನ ಗೆದ್ದ ಮರ ಬೆಂಕಿಗೆ ಸೋತಿತು.
ನೀರನ್ನೂ ಪೂರ್ತಿ ಗೆದ್ದಿಲ್ಲ ಅನ್ನಿ. ಉಬ್ಬೋದು ಕಮ್ಮಿ ಆಗಿದೆ ಅಷ್ಟೇ, ನಿಂತಿಲ್ಲ. ಅದಕ್ಕೇ ರಾತ್ರಿಯಿಡೀ ಸಿಂಕಲ್ಲಿ ನೆನೆಹಾಕಬೇಡಿ, ತೊಳೆದು ಒರೆಸಿಡಿ. ನನ್ನ ಹೆಬ್ಬೆರಳಿನ ಗಾಯ ಮಾಗಿದೆ. ಹಳೇ ಚಾಕುವನ್ನ ಅಮ್ಮ ಇನ್ನೂ ಬಿಸಾಕಿಲ್ಲ 😅

ನಿಮ್ಮನೆ ಚಾಕುವಿನ ಹಿಡಿ ಎಂಥದ್ದು? ಒಂದ್ಸಲ ಅಂಚು ನೋಡಿ, ಪದರ ಕಾಣುತ್ತಾ? ಕಮೆಂಟಲ್ಲಿ ಹೇಳಿ 👇

#ಮನೆಯೊಳಗಿನಇತಿಹಾಸ #ಕನ್ನಡ #ಚಾಕು #ಮರದಕಥೆ