ಪಥ್ಯದ ಪಟ್ಟಿಯಲ್ಲಿ ಹಲಾಲ್: ಡಯೆಟಿಷಿಯನ್ ವಿದ್ಯಾರ್ಥಿಗಳು ತಿಳಿದಿರಬೇಕಾದ್ದು

ಮಂಜೇಶ್ವರ ಇರುವುದು ಕೇರಳದಲ್ಲಾದರೂ ಅಲ್ಲಿಯವರು ದೊಡ್ಡ ಕಾಯಿಲೆಗೆ ಬರುವುದು ಮಂಗಳೂರಿಗೆ. 2020ರಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂಬುದು ದೇಶಕ್ಕೆಲ್ಲ ತಿಳಿಯಿತು. ದೇರಳಕಟ್ಟೆ, ಕಂಕನಾಡಿಯ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುವ ಡಯೆಟಿಷಿಯನ್ ವಿದ್ಯಾರ್ಥಿಗೆ ಬ್ಯಾರಿ, ಮಾಪಿಳ್ಳೆ ಮನೆಗಳ ರೋಗಿಗಳು ದಿನವೂ ಎದುರಾಗುತ್ತಾರೆ. ಅವರ ಊಟದ ನಿಯಮ ತಿಳಿಯದೆ ಬರೆದ ಪಥ್ಯ ಕಾಗದದಲ್ಲೇ ಉಳಿಯುತ್ತದೆ.

ನಿಯಮದ ತಿರುಳು

ಸತ್ತ ಪ್ರಾಣಿ, ರಕ್ತ, ಹಂದಿಮಾಂಸ, ಅಲ್ಲಾಹನಲ್ಲದೆ ಬೇರೆಯವರ ಹೆಸರಿನಲ್ಲಿ ಕೊಯ್ದದ್ದು, ಮದ್ಯ ಇವು ಕುರಾನಿನ ಪ್ರಕಾರ ನಿಷಿದ್ಧ. ಅಲ್ಲಾಹನ ಹೆಸರು ಹೇಳಿ, ಹರಿತವಾದ ಚೂರಿಯಿಂದ ಗಂಟಲು ಕೊಯ್ದು ರಕ್ತ ಹರಿಯಲು ಬಿಟ್ಟ ಪ್ರಾಣಿಯ ಮಾಂಸ ಹಲಾಲ್. ಇಷ್ಟು ಬಹುತೇಕ ವಿದ್ಯಾರ್ಥಿಗಳಿಗೆ ಗೊತ್ತಿರಬಹುದು. ಆದರೆ ವಾರ್ಡಿನಲ್ಲಿ ತೊಡಕಾಗುವುದು ಕೋಳಿ ಸಾರಿನಿಂದಲ್ಲ. ಕ್ಯಾಪ್ಸೂಲು, ಜೆಲ್ಲಿ, ಸಿರಪ್ಪುಗಳಿಂದ.

ಕಣ್ಣಿಗೆ ಬೀಳದ ಪದಾರ್ಥಗಳು

ಜೆಲಾಟಿನ್ ತಯಾರಾಗುವುದು ಹಂದಿ ಅಥವಾ ದನದ ಚರ್ಮ, ಮೂಳೆಗಳಿಂದ. ವಿಟಮಿನ್ ಡಿ, ಮೀನೆಣ್ಣೆಯ ಮೆತ್ತನೆಯ ಕ್ಯಾಪ್ಸೂಲುಗಳ ಹೊರಕವಚ ಹೆಚ್ಚಾಗಿ ಇದೇ. ಶಸ್ತ್ರಚಿಕಿತ್ಸೆಯ ನಂತರದ ದ್ರವಾಹಾರಕ್ಕೆ ಪಾಶ್ಚಾತ್ಯ ಪಠ್ಯಪುಸ್ತಕಗಳು ಜೆಲಾಟಿನ್ ಜೆಲ್ಲಿಯನ್ನು ಸೂಚಿಸುತ್ತವೆ. ನಮ್ಮಲ್ಲಿ ಅದರ ಅಗತ್ಯವೇ ಇಲ್ಲ: ಎಳನೀರು, ಗಂಜಿತಿಳಿ ಇವೆ, ಜೆಲ್ಲಿಯೇ ಬೇಕಾದರೆ ಕಡಲಪಾಚಿಯ ಚೈನಾ ಗ್ರಾಸ್ ಇದೆ.

ಇದಕ್ಕಿಂತ ಗಂಭೀರವಾದದ್ದು ಮೇದೋಜೀರಕ ಗ್ರಂಥಿಯ ಕಾಯಿಲೆ. ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್‌ಗೆ ಕೇರಳ ಹಿಂದಿನಿಂದಲೂ ಹೆಸರಾದ ಪ್ರದೇಶ. ಈ ರೋಗಿಗಳು ಊಟದ ಜೊತೆ ನುಂಗುವ ಪ್ಯಾಂಕ್ರಿಯಾಟಿನ್ ಕಿಣ್ವವನ್ನು ತೆಗೆಯುವುದು ಹಂದಿಯ ಮೇದೋಜೀರಕದಿಂದ. ಇದನ್ನು ತಿಳಿದ ರೋಗಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟರೆ ಕೊಬ್ಬು ಜೀರ್ಣವಾಗದೆ ಮಲದಲ್ಲಿ ಹೋಗುತ್ತದೆ, ತೂಕ ಇಳಿಯುತ್ತದೆ. ಆಗ ಪಥ್ಯದಲ್ಲಿ ಎಷ್ಟು ತಿದ್ದಿದರೂ ಫಲವಿಲ್ಲ. ಅನಿವಾರ್ಯತೆಗೆ ಸಿಕ್ಕಿದವನಿಗೆ ದೋಷವಿಲ್ಲ ಎಂದು ಕುರಾನಿನ ಎರಡನೆಯ ಅಧ್ಯಾಯದಲ್ಲೇ ಇದೆ. ಆದರೆ ಅದು ತನಗೆ ಅನ್ವಯಿಸುತ್ತದೆಯೇ ಎಂಬುದನ್ನು ರೋಗಿ ತನ್ನ ಉಸ್ತಾದರಲ್ಲಿ ಕೇಳಿ ತಿಳಿಯಲಿ. ತೀರ್ಪು ಕೊಡುವುದು ಡಯೆಟಿಷಿಯನ್ ಕೆಲಸವಲ್ಲ. ವಿಷಯವನ್ನು ಮುಚ್ಚಿಡುವುದಂತೂ ತಪ್ಪು.

ಪೊಟ್ಟಣದ ಹಸಿರು ಗುರುತನ್ನೇ ನಂಬಿ ಕೂರುವಂತಿಲ್ಲ. ಅದು ಸಸ್ಯಾಹಾರವೆಂದು ಹೇಳುತ್ತದೆಯೇ ಹೊರತು ಆಲ್ಕೋಹಾಲ್ ಇಲ್ಲವೆಂದಲ್ಲ.

ಮೀನು

ಮೀನನ್ನು ಹಲಾಲ್ ಕ್ರಮದಲ್ಲಿ ಕೊಯ್ಯಬೇಕೆಂದಿಲ್ಲ. ಬಂಗುಡೆ, ಬೂತಾಯಿ ಎಲ್ಲ ಮುಸ್ಲಿಮರಿಗೂ ಸಲ್ಲುವ ಅಗ್ಗದ ಪ್ರೋಟೀನು. ಚಿಪ್ಪುಜೀವಿಗಳ ಮಾತು ಬೇರೆ. ಕರಾವಳಿಯ ಬ್ಯಾರಿ, ಮಾಪಿಳ್ಳೆಗಳು ಶಾಫಿ ಪಂಥದವರು. ಪಚ್ಚಿಲೆ ಅವರಿಗೆ ಸಲ್ಲುತ್ತದೆ. ಒಳನಾಡಿನ ಉರ್ದು ಮಾತಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಅವರು ಅದನ್ನು ತಿನ್ನುವುದಿಲ್ಲ. ಹೆಸರು ನೋಡಿ ಊಹಿಸುವ ಬದಲು ಕೇಳುವುದೇ ಸರಿ.

ರಂಜಾನ್

ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇದೆ. ಆದರೂ 13 ದೇಶಗಳಲ್ಲಿ ನಡೆದ ಎಪಿಡಿಯಾರ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳಲ್ಲಿ ಸುಮಾರು 79% ಮಂದಿ ಕನಿಷ್ಠ 15 ದಿನ ಉಪವಾಸ ಹಿಡಿದಿದ್ದರು. "ಹಿಡಿಯಬೇಡಿ" ಎಂದಷ್ಟೇ ಹೇಳಿ ಕಳಿಸಿದರೆ ಸಾಲದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕೆಂದು ಮೊದಲೇ ತಿಳಿಸಿಡಬೇಕು. ಡಯಾಲಿಸಿಸ್ ರೋಗಿಗೆ ಖರ್ಜೂರದ ಪೊಟ್ಯಾಸಿಯಂ ಬಗ್ಗೆ ಎಚ್ಚರಿಸಬೇಕು.

ಕಲಿಕೆಯಲ್ಲಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕದಲ್ಲಿ 528 ಆಹಾರಗಳ ವಿವರವಿದೆ. ರೋಗಿ ಯಾವುದನ್ನು ಉಣ್ಣುತ್ತಾನೆ, ಯಾವುದನ್ನು ಬಿಡುತ್ತಾನೆ ಎಂಬುದು ಅದರಲ್ಲಿಲ್ಲ. ತರಬೇತಿಯಲ್ಲಿರುವ ವಿದ್ಯಾರ್ಥಿಗಳು ರೋಗಿಯ ಆಹಾರ ವಿಚಾರಿಸುವಾಗ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಲಿ: "ಊಟದಲ್ಲಾಗಲಿ ಮದ್ದಿನಲ್ಲಾಗಲಿ ನಿಮಗೆ ಸಲ್ಲದ್ದು ಏನಾದರೂ ಇದೆಯೇ?"